ಬಾನೆಟ್ ಕೆಳಗೆ ನೀರು

ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಹತ್ತಿ ಬಂದ ಕಾರಿನ ಬಾನೆಟ್ ತೆರೆದು ನೋಡಿ. ಮುಂದಿನ ಜಾಲರಿಯಿಂದ ನುಗ್ಗಿದ ಮಳೆ, ಚಕ್ರಗಳು ಎರಚಿದ ಕೆಸರು, ಫ್ಯಾನು ಚದುರಿಸಿದ ತುಂತುರು ಎಲ್ಲ ಸೇರಿ ಇಂಜಿನ್ನಿನ ಮೈಯೆಲ್ಲ ತೊಯ್ದಿರುತ್ತದೆ. ಆದರೂ ಕಾರು ಎಲ್ಲೂ ಕೈಕೊಡದೆ ತೀರ್ಥಹಳ್ಳಿ ಮುಟ್ಟುತ್ತದೆ. ಅದೇ ಕಾರನ್ನು ಬೇಸಿಗೆಯಲ್ಲಿ ವಾಟರ್ ಸರ್ವಿಸ್‌ಗೆ ಬಿಟ್ಟು, ಇಂಜಿನ್ನಿಗೂ ಸ್ವಲ್ಪ ನೀರು ಹೊಡೆಯಿರಿ ಎಂದರೆ, ಮರುದಿನ ಬೆಳಿಗ್ಗೆ ಅದು ಮಿಸ್ಸಿಂಗ್ ಹೊಡೆಯಬಹುದು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಬಹುದು, ಸ್ಟಾರ್ಟೇ ಆಗದಿರಬಹುದು. ಗಂಟೆಗಟ್ಟಲೆ ಸುರಿದ ಮಳೆ ಮಾಡದ ಹಾನಿಯನ್ನು ಐದು ನಿಮಿಷದ ಪೈಪು ಮಾಡಿದ್ದು ಹೇಗೆ?

ಇಂಜಿನ್ನಿನ ಮೈ ಒದ್ದೆಯಾಗುವುದರಿಂದ ಯಾವ ಅಪಾಯವೂ ಇಲ್ಲ. ಒಳಹೊಕ್ಕ ನೀರು ಹೊರಬರಲಾರದೆ ಕೂತಾಗಲೇ ತೊಂದರೆ ಶುರು. ಮಳೆಯ ನೀರು ತನ್ನ ಭಾರಕ್ಕೆ ತಾನೇ ಇಳಿದು ಹೋಗುತ್ತದೆ. ಅದು ಇಳಿಯಲೆಂದೇ ಕಾರಿನ ವಿನ್ಯಾಸಕಾರರು ವೈರುಗಳನ್ನು ಜೋಡಿಸುವ ಕಪ್ಲರ್‌ಗಳ ಬಾಯನ್ನು ಆದಷ್ಟೂ ಅಡ್ಡಕ್ಕೆ ಅಥವಾ ಕೆಳಮುಖವಾಗಿ ಇಟ್ಟು, ಒಳಗೆ ಮೆತ್ತನೆಯ ಸಿಲಿಕೋನ್ ಸೀಲು ಕೂರಿಸಿ, ತಗ್ಗಿದ್ದಲ್ಲಿ ತೂತು ಬಿಟ್ಟಿರುತ್ತಾರೆ. ಈ ಏರ್ಪಾಟನ್ನು ಮೀರಿ ನೀರನ್ನು ಒಳಗೆ ಕಳಿಸುವ ದಾರಿಗಳು ಮೂರು: ಜೋರಾಗಿ ಒತ್ತುವುದು, ಬಿಸಿ ಇಂಜಿನ್ನನ್ನು ಒಮ್ಮೆಲೇ ತಣ್ಣಗಾಗಿಸಿ ಒಳಕ್ಕೆ ಹೀರಿಸುವುದು, ಸೋಪಿನ ನೆರವಿನಿಂದ ನುಸುಳಿಸುವುದು. ಹೆಚ್ಚಿನ ತೊಳೆತಗಳಲ್ಲಿ ನಾವು ಈ ಮೂರನ್ನೂ ಒಟ್ಟಿಗೆ ಮಾಡುತ್ತೇವೆ.

ಮೊದಲು ಕೊಳೆಯ ವಿಚಾರ. ಇಂಜಿನ್ನಿನ ಮೇಲೆ ಕಾಣುವ ಕಪ್ಪು ಪದರ ಬರೀ ಧೂಳಲ್ಲ. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಆಯಿಲ್ ತುಂಬುವ ಮುಚ್ಚಳದ ಅಂಚು, ಹೋಸುಗಳ ಕ್ಲಿಪ್ಪುಗಳಿಂದ ವರ್ಷಗಟ್ಟಲೆ ಬೆವರಿನಂತೆ ಹೊರಬಂದ ಆಯಿಲ್ಲು ಮೊದಲ ಅಂಟು. ಅದರ ಮೇಲೆ ರಸ್ತೆಯ ಧೂಳು ಕೂತು ಆಯಿಲ್ಲನ್ನು ಹೀರಿಕೊಂಡು, ಮತ್ತಷ್ಟು ಆಯಿಲ್ಲು ಹರಡಲು ದಾರಿ ಮಾಡುತ್ತದೆ. ಸಂಡೂರಿನ ಅದಿರು ರಸ್ತೆಯ ಕಾರಿನಲ್ಲಿ ಈ ಪದರ ಕೆಂಪಗೆ, ಬೆಂಗಳೂರಿನ ಕಾರಿನಲ್ಲಿ ಬೂದುಗಪ್ಪು. ಇದನ್ನು ತೆಗೆದರೆ ಮೈಲೇಜು ಹೆಚ್ಚುತ್ತದೆ ಎನ್ನುವವರ ಮಾತು ನಂಬಬೇಡಿ. ಇಂಜಿನ್ನಿನ ಕಾವನ್ನು ಹೊರಹಾಕುವ ಮುಖ್ಯ ಕೆಲಸ ಕೂಲೆಂಟ್ ಮತ್ತು ರೇಡಿಯೇಟರಿನದು. ಹೊರಮೈಯ ಕೊಳೆ ಅದಕ್ಕೆ ಹೆಚ್ಚೇನೂ ಅಡ್ಡಿಯಾಗದು. ತೊಳೆಯಲು ನಿಜವಾದ ಕಾರಣಗಳು ಬೇರೆ. ಕೊಳೆಯ ಅಡಿಯಲ್ಲಿ ಸೋರಿಕೆ ಅಡಗಿರುತ್ತದೆ. ಆಯಿಲ್ಲು ಕುಡಿದ ಒಣ ಎಲೆಗಳು ಸೈಲೆನ್ಸರ್ ಮ್ಯಾನಿಫೋಲ್ಡಿನ ಬಳಿ ಬಿದ್ದಿದ್ದರೆ ಬೆಂಕಿಗೆ ದಾರಿ. ಇನ್ನು ಕರಾವಳಿಯಲ್ಲಿ ಉಪ್ಪು.

ಕರಾವಳಿಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಅಡುಗೆ ಉಪ್ಪಿಗೆ ಒಂದು ಗುಣವಿದೆ: ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತ ದಾಟಿದರೆ ಅದು ಗಾಳಿಯಿಂದಲೇ ನೀರನ್ನು ಎಳೆದುಕೊಂಡು ಕರಗಿ ದ್ರವವಾಗುತ್ತದೆ. ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ಇಂಥ ಆರ್ದ್ರತೆ ವರ್ಷದ ಬಹುಕಾಲ ಇರುತ್ತದೆ. ಅಂದರೆ ಕಡಲ ಗಾಳಿಯಲ್ಲಿ ನಿಂತ ಕಾರಿನ ಕಪ್ಲರುಗಳ ಮೇಲೆ, ಯಾರೂ ನೀರು ಹಾಕದಿದ್ದರೂ, ಉಪ್ಪುನೀರಿನ ತೆಳು ಪೊರೆಯೊಂದು ಕೂತಿರುತ್ತದೆ. ಅಲ್ಲಿನವರಿಗೆ ಸಿಹಿನೀರಿನಲ್ಲಿ ಇಂಜಿನ್ ಒರೆಸುವುದು ಅಂದಕ್ಕಾಗಿ ಮಾಡುವ ಕೆಲಸವಲ್ಲ.

ಆ ಪೊರೆಗೆ ಯಾಕಷ್ಟು ಹೆದರಬೇಕು? ಅಪ್ಪಟ ನೀರು ವಿದ್ಯುತ್ತಿನ ಬಹಳ ಕೆಟ್ಟ ವಾಹಕ. ಅದರಲ್ಲಿ ಕರಗಿದ ಲವಣಗಳ ಅಯಾನುಗಳೇ ವಿದ್ಯುತ್ತನ್ನು ಹೊರುವುದು. ಕೋಲಾರದ ಕಡೆಯ ಗಡಸು ಬೋರ್‌ವೆಲ್ ನೀರು ಅಪ್ಪಟ ನೀರಿಗಿಂತ ಸಾವಿರಾರು ಪಟ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಹಾಗಿದ್ದರೂ 12 ವೋಲ್ಟಿನ ಕಾರಿನಲ್ಲಿ ನೀರು ಬಿದ್ದೊಡನೆ ಕಿಡಿ ಹಾರುವುದಿಲ್ಲ, ಮುಟ್ಟಿದವರಿಗೆ ಶಾಕ್ ಹೊಡೆಯುವುದಿಲ್ಲ. ನಡೆಯುವುದು ನಿಧಾನದ ಕೆಲಸ. ನೀರನ್ನು ಒಡೆಯಲು ತಾತ್ವಿಕವಾಗಿ 1.23 ವೋಲ್ಟ್ ಸಾಕು. ಕೀ ತೆಗೆದ ಮೇಲೂ ಕೆಲವು ಕಪ್ಲರುಗಳಲ್ಲಿ 12 ವೋಲ್ಟ್ ಕಾದೇ ಇರುತ್ತದೆ. ಎರಡು ಪಿನ್ನುಗಳ ನಡುವೆ ಒಂದು ಹನಿ ಕೂತರೂ ಅದೊಂದು ಪುಟ್ಟ ವಿದ್ಯುದ್ವಿಭಜನೆಯ ತೊಟ್ಟಿಯಾಗಿ, ಧನ ಪಿನ್ನಿನ ತಾಮ್ರ ಕರಗತೊಡಗುತ್ತದೆ. ವಾರಗಳ ನಂತರ ಕಪ್ಲರ್ ಬಿಚ್ಚಿದ ಮೆಕ್ಯಾನಿಕ್ ತೋರಿಸುವ ಹಸಿರು ಪುಡಿ ಅದೇ. ಇಂಜಿನ್ ತೊಳೆಯುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ ಎನ್ನುವುದು ಇದಕ್ಕಾಗಿ. ವೋಲ್ಟೇಜೇ ಇಲ್ಲದ ಕಪ್ಲರಿನಲ್ಲಿ ಹನಿ ಒಂದು ಮಧ್ಯಾಹ್ನ ಕೂತು ಒಣಗಿದರೆ ಅಂಥ ನಷ್ಟವಿಲ್ಲ. ಪಾಸಿಟಿವ್ ಬಿಟ್ಟು ನೆಗೆಟಿವ್ ಏಕೆ ಎಂದರೆ, ಕಾರಿನ ಇಡೀ ಲೋಹದ ಮೈ ನೆಗೆಟಿವ್‌ಗೆ ಸೇರಿರುತ್ತದೆ. ಸ್ಪ್ಯಾನರ್ ಜಾರಿ ಮೈಗೆ ತಗುಲಿದರೂ ಶಾರ್ಟ್ ಆಗದು.

ಸೆನ್ಸರುಗಳ ಕಷ್ಟ ಇನ್ನೊಂದು ಬಗೆಯದು. ಹೊಗೆಯ ದಾರಿಯಲ್ಲಿರುವ ಸಾಮಾನ್ಯ ಆಕ್ಸಿಜನ್ ಸೆನ್ಸರ್ ಕೊಡುವ ಸಂಕೇತ 0.1ರಿಂದ 0.9 ವೋಲ್ಟಿನೊಳಗೆ ಆಡುತ್ತದೆ. ಇಷ್ಟು ಸೂಕ್ಷ್ಮದ ವಯರಿಗೆ ಒದ್ದೆ ಕಪ್ಲರಿನ ಮೂಲಕ ಪಕ್ಕದ ಪಿನ್ನಿನಿಂದ ಚೂರು ವಿದ್ಯುತ್ ಸೋರಿದರೂ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿಗೆ ತಪ್ಪು ಸುದ್ದಿ ಹೋಗುತ್ತದೆ. ಹಳದಿ ದೀಪ ಹೊತ್ತುವ ಒಂದು ಕಾರಣ ಇದು. ಇಗ್ನಿಷನ್ ಕಾಯಿಲ್ಲಿನಲ್ಲಿ ಕಥೆ ತಲೆಕೆಳಗು. ಅಲ್ಲಿ ಹುಟ್ಟುವುದು ಇಪ್ಪತ್ತು, ಮೂವತ್ತು ಸಾವಿರ ವೋಲ್ಟ್. ಸಿಲಿಂಡರಿನ ಒಳಗೆ ಒತ್ತಿ ಹಿಡಿದ ಗಾಳಿಯನ್ನು ಸೀಳಿ ಕಿಡಿ ಹಾರಬೇಕಾದರೆ ಅಷ್ಟು ಬೇಕು. ಪ್ಲಗ್ ಕೂತ ಗುಂಡಿಯಲ್ಲಿ ನೀರು ನಿಂತಿದ್ದರೆ ವಿದ್ಯುತ್ತಿಗೆ ಸುಲಭದ ದಾರಿ ಸಿಗುತ್ತದೆ: ಒದ್ದೆಯಾದ ಪಿಂಗಾಣಿಯ ಮೇಲೆ ಹರಿದು ನೇರ ಇಂಜಿನ್ನಿನ ಮೈಗೆ ಇಳಿಯುತ್ತದೆ. ಒಳಗೆ ಕಿಡಿ ಬೀಳುವುದಿಲ್ಲ, ಇಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ಆಗ ಆಕ್ಸಿಲರೇಟರ್ ಒತ್ತಿ ಒತ್ತಿ ‘ಸರಿಮಾಡಲು’ ಹೋಗಬಾರದು. ಸುಡದ ಪೆಟ್ರೋಲ್ ಸೈಲೆನ್ಸರಿನ ದಾರಿಯ ಕೆಟಲಿಟಿಕ್ ಕನ್ವರ್ಟರಿನಲ್ಲಿ ಉರಿದು, ಆ ದುಬಾರಿ ಭಾಗವನ್ನು ಕರಗಿಸಿಬಿಡಬಲ್ಲದು. ಇಂಜಿನ್ ನಿಲ್ಲಿಸಿ, ಗುಂಡಿಯ ನೀರು ತೆಗೆದು, ಒಣಗಿಸಿಯೇ ಮತ್ತೆ ಸ್ಟಾರ್ಟ್ ಮಾಡಬೇಕು.

ಈಗ ಒತ್ತಡದ ಲೆಕ್ಕ. ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕ್ ನಲ್ಲಿಗಿಂತ 6 ಮೀಟರ್ ಎತ್ತರದಲ್ಲಿದೆ ಎನ್ನಿ. ಆ ಎತ್ತರದ ಒತ್ತಡ 0.6 ಬಾರ್, ಪೈಪಿನ ಘರ್ಷಣೆ ಬಿಟ್ಟರೆ ನೀರು ಹೊರಬೀಳುವ ವೇಗ ಗಂಟೆಗೆ 40 ಕಿಲೋಮೀಟರಿನ ಆಸುಪಾಸು. ಮನೆಬಳಕೆಗೆಂದು ಮಾರುವ ಪ್ರೆಶರ್ ವಾಷರ್‌ಗಳ ಒತ್ತಡ 100 ಬಾರ್ ದಾಟುತ್ತದೆ. ಅದೇ ಲೆಕ್ಕ ಹಾಕಿದರೆ ನೀರಿನ ವೇಗ ಸೆಕೆಂಡಿಗೆ 141 ಮೀಟರ್, ಗಂಟೆಗೆ 500 ಕಿಲೋಮೀಟರ್. ಒತ್ತಡ ನೂರೈವತ್ತು ಪಟ್ಟಿಗೂ ಹೆಚ್ಚು. ಎಂಥ ಬಿರುಗಾಳಿಯ ಮಳೆಯೂ ಈ ರಭಸಕ್ಕೆ ಹತ್ತಿರ ಬರುವುದಿಲ್ಲ.

ಬಿಡಿಭಾಗಗಳ ಮೇಲೆ, ಧೂಳು ಮತ್ತು ನೀರನ್ನು ತಡೆಯುವ ಶಕ್ತಿ ಸೂಚಿಸುವ ಐಪಿ 67 ಎಂಬ ಅಂಕ ಅಚ್ಚಾಗಿರುವುದನ್ನು ನೋಡಿ ಧೈರ್ಯ ತಂದುಕೊಳ್ಳುವವರಿದ್ದಾರೆ. ಆ 7ರ ಅರ್ಥ ಇಷ್ಟೇ: ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಹಾನಿಯಾಗದು. ನಿಂತ ನೀರು ಎಲ್ಲ ಕಡೆಯಿಂದ ಸಮವಾಗಿ ಒತ್ತುವುದರಿಂದ ಸೀಲು ಇನ್ನಷ್ಟು ಬಿಗಿಯಾಗಿ ಕೂರಲೂಬಹುದು. ಚೂಪಾದ ಜೆಟ್ ಒಂದೇ ಅಂಚಿಗೆ ಬಡಿದು ಸೀಲಿನ ತುಟಿಯನ್ನು ಎತ್ತಿಬಿಡುತ್ತದೆ. ಆದ್ದರಿಂದಲೇ ಮುಳುಗುವ ಪರೀಕ್ಷೆ ಪಾಸಾದ ವಸ್ತು ಜೆಟ್ ಪರೀಕ್ಷೆಯನ್ನೂ ಪಾಸಾದಂತೆ ಎಂದು ಮಾನದಂಡ ಹೇಳುವುದಿಲ್ಲ. ಎರಡೂ ಬೇರೆ ಬೇರೆ. ಜೆಟ್‌ಗೆಂದೇ ಜರ್ಮನಿಯಲ್ಲಿ ವಾಹನಗಳಿಗಾಗಿ ರೂಪಿಸಿದ ಐಪಿ 69ಕೆ ಪರೀಕ್ಷೆ ಇದೆ: 80 ಡಿಗ್ರಿ ಬಿಸಿಯ ನೀರು, 80ರಿಂದ 100 ಬಾರ್ ಒತ್ತಡ, 10–15 ಸೆಂಟಿಮೀಟರ್ ಹತ್ತಿರದಿಂದ, ನಾಲ್ಕು ಕೋನಗಳಲ್ಲಿ, ಒಂದೊಂದಕ್ಕೆ 30 ಸೆಕೆಂಡ್. ನಿಮ್ಮ ಕಾರಿನ ಯಾವ ಕಪ್ಲರ್ ಇದನ್ನು ದಾಟಿದೆ, ಯಾವುದು ದಾಟಿಲ್ಲ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಹತ್ತು ವರ್ಷ ಕಾವಿನಲ್ಲಿ ಬೆಂದು ಗಟ್ಟಿಯಾದ ಸೀಲಿಗಂತೂ ಹೊಸದರ ಅಂಕ ಅನ್ವಯಿಸುವುದಿಲ್ಲ. ಮನೆಯಲ್ಲಿ ತೊಳೆಯುವಾಗ ಪ್ರೆಶರ್ ವಾಷರನ್ನು ಬಾನೆಟ್ಟಿನ ಹತ್ತಿರ ತರಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೀರುವಿಕೆ ಇದಕ್ಕಿಂತ ಕುತೂಹಲದ್ದು, ಯಾಕೆಂದರೆ ಅಲ್ಲಿ ಯಾರೂ ಒತ್ತುವುದಿಲ್ಲ. ಬಿಸಿ ಸಾರಿನ ಪಾತ್ರೆಗೆ ಮುಚ್ಚಿದ ತಟ್ಟೆ ಆರಿದ ಮೇಲೆ ಕಚ್ಚಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಇಂಜಿನ್ ಕಂಪ್ಯೂಟರಿನ ಡಬ್ಬಿ, ಹೆಡ್‌ಲೈಟಿನ ಗೂಡು, ಕಪ್ಲರಿನ ಒಳಗೂಡು ಎಲ್ಲದರಲ್ಲೂ ಗಾಳಿ ಇದೆ. ಓಡಿ ಬಂದ ಕಾರಿನಲ್ಲಿ ಆ ಗಾಳಿ 80 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಳ್ಳೋಣ. ಅದರ ಮೇಲೆ ತಣ್ಣೀರು ಬಿದ್ದು 30 ಡಿಗ್ರಿಗೆ ಇಳಿದರೆ, ಕೆಲ್ವಿನ್ ಲೆಕ್ಕದಲ್ಲಿ 353ರಿಂದ 303. ಒಳಗಿನ ಒತ್ತಡ ಅದೇ ಪ್ರಮಾಣದಲ್ಲಿ, ಶೇಕಡ 14ರಷ್ಟು ಕುಸಿಯುತ್ತದೆ. ಸಮುದ್ರಮಟ್ಟದಲ್ಲಿ ಇದು ಸುಮಾರು ಒಂದೂವರೆ ಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಒಂದು ಬಕೆಟ್ ತಣ್ಣೀರಿನಿಂದ ನಾವು ಆ ಡಬ್ಬಿಯನ್ನು ಒಂದೂವರೆ ಮೀಟರ್ ಆಳದಲ್ಲಿ ಮುಳುಗಿಸಿದಂತಾಯಿತು. ಅದೂ ಸುತ್ತ ನೀರಿರುವ ಹೊತ್ತಿನಲ್ಲೇ. ಸೀಲಿನ ಕೂದಲೆಳೆ ಸಂದಿಯಿಂದ ನೀರು ಒಳಕ್ಕೆ ಹೋಗುತ್ತದೆ. ಮುಂದೆ ಇಂಜಿನ್ ಕಾದಾಗ ಗಾಳಿ ಹೊರಬರುತ್ತದೆ, ನೀರಿನ ಬಹುಪಾಲು ಒಳಗೇ ಉಳಿಯುತ್ತದೆ.

ಈ ಸಮಸ್ಯೆಗೆ ತಯಾರಕರು ಕಂಡುಕೊಂಡ ಪರಿಹಾರ ಚೆಂದದ್ದು. ಕಂಪ್ಯೂಟರಿನಂಥ ಡಬ್ಬಿಗಳಿಗೆ ಅವರು ಉಸಿರಾಡಲು ಒಂದು ಕಿಂಡಿ ಬಿಟ್ಟು, ಅದಕ್ಕೆ ಹಿಗ್ಗಿಸಿದ ಟೆಫ್ಲಾನಿನ ತೆಳು ಪೊರೆ ಹಾಕುತ್ತಾರೆ. ಟೆಫ್ಲಾನನ್ನು ರಾಯ್ ಪ್ಲಂಕೆಟ್ ಕಂಡದ್ದು 1938ರಲ್ಲಿ. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಕಾಯಿಸಿದ ಟೆಫ್ಲಾನ್ ಸರಳುಗಳನ್ನು ಮೆಲ್ಲಗೆ ಎಳೆದು ಉದ್ದ ಮಾಡಲು ಹೋದಾಗ ಅವು ತುಂಡಾಗುತ್ತಿದ್ದವು. ಬೇಸತ್ತು ಒಂದನ್ನು ಥಟ್ಟನೆ ಜಗ್ಗಿದಾಗ ಅದು ಮುರಿಯದೆ ಹಲವು ಪಟ್ಟು ಹಿಗ್ಗಿತು. ಒಳಗೆ ಕಣ್ಣಿಗೆ ಕಾಣದ ರಂಧ್ರಗಳ ಜಾಲ. ನೀರನ್ನು ಹತ್ತಿರ ಸೇರಿಸದ ಟೆಫ್ಲಾನಿನಲ್ಲಿ ಅಷ್ಟು ಸಣ್ಣ ರಂಧ್ರಗಳನ್ನು ಹನಿ ದಾಟಲಾರದು, ಗಾಳಿ ದಾಟುತ್ತದೆ. ಮಳೆಯಂಗಿಗಳಲ್ಲಿ ಹೆಸರಾದ ಆ ಪೊರೆಯೇ ಇಂದು ಕಾರಿನ ಡಬ್ಬಿಗಳಲ್ಲಿ ಒಳಗಿನ, ಹೊರಗಿನ ಒತ್ತಡ ಸರಿದೂಗಿಸುತ್ತಿದೆ. ಆದರೆ ಪ್ರತಿಯೊಂದು ಕಪ್ಲರಿಗೂ ಈ ಭಾಗ್ಯವಿಲ್ಲ. ಬರಿಗೈ ಇಟ್ಟು ಆರಾಮವಾಗಿ ಹಿಡಿದಿರುವಷ್ಟು ಇಂಜಿನ್ ಆರುವವರೆಗೆ ನೀರು ಮುಟ್ಟಿಸಬಾರದು ಎಂಬ ಮಾತಿಗೆ ದೊಡ್ಡ ಕಾರಣ ಇದೇ. ನೂರಾರು ಡಿಗ್ರಿ ಕಾದ ಮ್ಯಾನಿಫೋಲ್ಡಿನ ಎರಕ ತಣ್ಣೀರು ತಾಗಿ ಬಿರಿಯಬಹುದು ಎಂಬುದು ಇನ್ನೊಂದು.

ಸೋಪು ನುಸುಳಿಸುವ ಪರಿಯನ್ನು ಅರಿಯಲು ಒಂದು ಅಡುಗೆಮನೆಗೆ ಹೋಗಬೇಕು. ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಆಗ್ನೆಸ್ ಪೊಕೆಲ್ಸ್‌ಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಲಿಲ್ಲ. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಮನೆವಾರ್ತೆ ನೋಡಿಕೊಳ್ಳುತ್ತಲೇ ಆಕೆ ತಗಡಿನ ತೊಟ್ಟಿಯೊಂದರಲ್ಲಿ ನೀರು ತುಂಬಿ, ಜಿಡ್ಡು ಮತ್ತು ಸೋಪು ನೀರಿನ ಮೇಲ್ಮೈ ಎಳೆತವನ್ನು ಹೇಗೆ ಬದಲಿಸುತ್ತವೆ ಎಂದು ಅಳೆದರು. 1891ರಲ್ಲಿ ಭೌತವಿಜ್ಞಾನಿ ಲಾರ್ಡ್ ರ‍್ಯಾಲಿಗೆ ಪತ್ರ ಬರೆದರು. ಆತ ಆ ಪತ್ರವನ್ನು ‘ನೇಚರ್’ ಪತ್ರಿಕೆಗೆ ಕಳಿಸಿದ್ದರಿಂದ, ಅದೇ ವರ್ಷದ ಮಾರ್ಚ್‌ನಲ್ಲಿ ಅದು ಅಚ್ಚಾಯಿತು. ಮೇಲ್ಮೈ ವಿಜ್ಞಾನದ ಬುನಾದಿಯಲ್ಲಿ ಆ ತೊಟ್ಟಿಗೆ ಜಾಗವಿದೆ.

ಸೋಪಿನ ಅಣುವಿನ ಒಂದು ತುದಿ ನೀರನ್ನು, ಇನ್ನೊಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ಆಯಿಲ್ಲಿನ ಹನಿಯ ಸುತ್ತ ನೆರೆದು ಅದನ್ನು ನೀರಿನಲ್ಲಿ ತೇಲಿಸಿ ಒಯ್ಯುತ್ತದೆ. ಅಂಟುವಾಳ ಕಾಯಿಯ ನೊರೆ ಮಾಡುವುದೂ ಇದೇ ಕೆಲಸ. ಜೊತೆಗೆ ಸೋಪು ನೀರಿನ ಮೇಲ್ಮೈ ಎಳೆತವನ್ನು ಅರ್ಧಕ್ಕೂ ಕೆಳಗೆ ಇಳಿಸುತ್ತದೆ. ಎಳೆತ ಇಳಿದ ನೀರು ಗುಂಡಗೆ ನಿಲ್ಲದೆ ಹರಡುತ್ತದೆ, ಬರೀ ನೀರು ಹೊಗಲಾರದ ಸಂದಿಗಳಿಗೂ ಹೊಗುತ್ತದೆ. ಕೊಳೆಯ ಕೆಳಗೆ ಇಳಿಯಲು ಇದೇ ಗುಣ ಬೇಕು, ಕಪ್ಲರಿನ ಬಳಿ ಇದೇ ಗುಣ ಕಂಟಕ. ಟೆಫ್ಲಾನ್ ಪೊರೆಯ ತಡೆಯುವ ಶಕ್ತಿಯನ್ನೂ ಸೋಪುನೀರು ಕುಗ್ಗಿಸುತ್ತದೆ. ಹಾಗಾಗಿ ಸೋಪನ್ನು ಸುರಿಯಬಾರದು. ಬ್ರಷ್ಷಿನಲ್ಲಿ ಅದ್ದಿ, ಜಿಡ್ಡಿದ್ದಲ್ಲಿಗೆ ಮಾತ್ರ ಹಚ್ಚಬೇಕು.

ಯಾವ ಸೋಪು? ಕಾರು ತೊಳೆಯುವ ಶಾಂಪೂ, ಇಲ್ಲವೇ ನೀರಿನಲ್ಲಿ ಬೆರೆಸುವ ಸೌಮ್ಯ ಡಿಗ್ರೀಸರ್ ಸಾಕು. ಗ್ಯಾರೇಜುಗಳಲ್ಲಿ ಇಂದಿಗೂ ಡೀಸೆಲ್ ಅಥವಾ ಸೀಮೆಎಣ್ಣೆ ಹೊಡೆದು ತೊಳೆಯುವ ರೂಢಿ ಇದೆ. ಅದು ಜಿಡ್ಡನ್ನು ಸೊಗಸಾಗಿ ಕರಗಿಸುವುದು ನಿಜ. ಆದರೆ ರೇಡಿಯೇಟರ್ ಹೋಸುಗಳ ರಬ್ಬರಾದ ಇಪಿಡಿಎಂ ಕೂಡ ಹೈಡ್ರೋಕಾರ್ಬನ್ ಜಾತಿಯದೇ. ಡೀಸೆಲ್ಲನ್ನು ಹೀರಿ ಊದಿಕೊಂಡು ಮೆತ್ತಗಾಗುತ್ತದೆ. ಮೇಲಾಗಿ ಡೀಸೆಲ್ ಸುಮಾರು 210 ಡಿಗ್ರಿಯಲ್ಲಿ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳಬಲ್ಲದು, ಮ್ಯಾನಿಫೋಲ್ಡ್ ಅದಕ್ಕಿಂತ ಬಿಸಿಯೇರುತ್ತದೆ. ಕಾಸ್ಟಿಕ್ ಸೋಡ ಬೆರೆತ ಕ್ಲೀನರುಗಳೂ ಬೇಡ. ಅಲ್ಯುಮಿನಿಯಂ ಭಾಗಗಳನ್ನು ಕಾಯುವುದು ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ. ಪ್ರಬಲ ಕ್ಷಾರ ಅದನ್ನು ಕರಗಿಸಿ ಲೋಹವನ್ನೇ ತಿಂದು ಕಪ್ಪುಗಟ್ಟಿಸುತ್ತದೆ.

ಇನ್ನೊಂದು ಅಪಾಯ ಅಪರೂಪದ್ದು, ಆದರೆ ಒದಗಿದರೆ ಇಂಜಿನ್ನೇ ಹೋಗುತ್ತದೆ. ನಾಲ್ಕು ಸಿಲಿಂಡರಿನ 1.2 ಲೀಟರ್ ಇಂಜಿನ್ನಿನಲ್ಲಿ ಒಂದು ಸಿಲಿಂಡರಿನ ಪಾಲು 300 ಸಿಸಿ. ಸಂಪೀಡನದ ಅನುಪಾತ 10:1 ಎಂದರೆ, ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ 33 ಸಿಸಿ, ಎರಡು ದೊಡ್ಡ ಚಮಚಕ್ಕಿಂತ ಸ್ವಲ್ಪ ಹೆಚ್ಚು. ಗಾಳಿಯಾದರೆ ಅಷ್ಟರೊಳಗೆ ಅಡಗುತ್ತದೆ. ನೀರು ಅಡಗುವುದಿಲ್ಲ, 100 ಬಾರ್ ಒತ್ತಿದರೂ ಅದರ ಗಾತ್ರ ಅರ್ಧ ಶೇಕಡದಷ್ಟೂ ಕುಗ್ಗದು. ಏರ್ ಫಿಲ್ಟರಿನ ಬಾಯಿಂದ 33 ಸಿಸಿಗಿಂತ ಹೆಚ್ಚು ನೀರು ಒಂದು ಸಿಲಿಂಡರಿಗೆ ಇಳಿದು ಇಂಜಿನ್ ತಿರುಗಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜಿನ್ ಚಾಲೂ ಇಟ್ಟು ನೀರು ಹೊಡೆಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಇಷ್ಟು ತಿಳಿದ ಮೇಲೆ ಕೆಲಸ ಸರಳ. ಬೆಳಗಿನ ತಂಪಿನಲ್ಲಿ, ರಾತ್ರಿಯೆಲ್ಲ ನಿಂತು ಆರಿದ ಕಾರಿನ ಬಾನೆಟ್ ತೆರೆಯಿರಿ. ರಬ್ಬರ್ ಕೈಗವಸು ಹಾಕಿ: ಇಲಿಗಳು ಬೆಚ್ಚಗಿನ ಇಂಜಿನ್ನಿನ ಮೇಲೆ ಮಲಗುತ್ತವೆ, ಅವುಗಳ ಮೂತ್ರದಲ್ಲಿರುವ ರೋಗಾಣು ಕೈಯ ಗಾಯದಿಂದ ಒಳಸೇರಿದರೆ ಇಲಿ ಜ್ವರ ಬರುತ್ತದೆ. ಮಲೆನಾಡು, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಂಗೆ ಮರದ ಕೆಳಗೆ ನಿಲ್ಲುವ ಕಾರಾದರೆ ಮುಂಗಾಜಿನ ಬುಡದ ತಗ್ಗಿನಲ್ಲಿ ಎಲೆ ತುಂಬಿರುತ್ತದೆ. ನೀರು ಇಳಿಯುವ ತೂತು ಅಲ್ಲೇ ಇರುವುದರಿಂದ ಅದನ್ನೆಲ್ಲ ಒಣಗಿದ್ದಾಗಲೇ ಕೈಯಲ್ಲಿ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಬಿಗಿಯಾಗಿವೆಯೇ ನೋಡಿ. ಆಲ್ಟರ್ನೇಟರ್ ತಣ್ಣಗಿರಲೆಂದು ಅದರ ಮೈಯಲ್ಲಿ ಕಿಂಡಿಗಳಿರುತ್ತವೆ, ಒಳಗೆ ತಾಮ್ರದ ಸುರುಳಿ, ಬ್ರಷ್ಷು, ಡಯೋಡುಗಳು. ಅದಕ್ಕೂ ಏರ್ ಫಿಲ್ಟರಿನ ಬಾಯಿಗೂ ಫ್ಯೂಸ್ ಡಬ್ಬಿಗೂ ಕಾಯಿಲ್ಲುಗಳಿಗೂ ಪ್ಲಾಸ್ಟಿಕ್ ಕವರ್ ಸುತ್ತಿ.

ಒಣ ಬ್ರಷ್ಷಿನಲ್ಲಿ ಧೂಳು ಉದುರಿಸಿ, ಆಮೇಲೆ ಸೋಪುನೀರಿನ ಬ್ರಷ್ಷು ಆಡಿಸಿ ಮೂರ್ನಾಲ್ಕು ನಿಮಿಷ ಬಿಡಿ, ಒಣಗಲು ಬಿಡಬೇಡಿ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಬಟ್ಟೆ ಜಾಲಿಸುತ್ತ ಹೋದರೆ ಮುಕ್ಕಾಲು ಕೆಲಸ ಅಲ್ಲೇ ಮುಗಿಯುತ್ತದೆ. ಒರೆಸಲು ಕೈ ಹೋಗದ ಕಡೆಗೆ ಮಾತ್ರ, ಗಿಡಗಳಿಗೆ ಸಿಂಪಡಿಸುವ ಕೈಪಂಪಿನಿಂದ ಮೆಲ್ಲಗೆ ನೀರು ಹಾಯಿಸಿ. ಬ್ಯಾಟರಿ ಟರ್ಮಿನಲ್ಲಿನ ಬಿಳಿ, ನೀಲಿ ಹುಡಿ ಸಲ್ಫೇಟುಗಳದು. ಅಡುಗೆ ಸೋಡ ಕಲಸಿದ ನೀರು ಅಲ್ಲಿನ ಆಮ್ಲವನ್ನು ಬುರುಗೆಬ್ಬಿಸಿ ತಟಸ್ಥಗೊಳಿಸುತ್ತದೆ, ಆದರೆ ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅದು ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಿನ ಅಧಿಕ ವೋಲ್ಟೇಜ್ ದಾರಿ. ಅಂಥ ಕಾರಿನಲ್ಲಿ ನೀರು ಬೇಡ, ತಯಾರಕರ ಕೈಪಿಡಿ ಹೇಳಿದಷ್ಟೇ ಮಾಡಿ.

ಒಣಗಿಸುವುದಕ್ಕೆ ತೊಳೆಯುವುದಕ್ಕಿಂತ ಹೆಚ್ಚು ಹೊತ್ತು ಕೊಡಬೇಕು. ಕವರುಗಳನ್ನು ಕೂಡಲೇ ಬಿಚ್ಚಿ. ಒಳಗೆ ತೇವ ಕಟ್ಟಿಕೊಂಡಿರುತ್ತದೆ. ಬಯಲಲ್ಲಿ ಬಿದ್ದ ಹನಿ ಬೇಗ ಆರುತ್ತದೆ, ಸಂದಿಯ ಹನಿ ಕಿರಿದಾದ ಬಾಯಿಂದಲೇ ಆವಿಯಾಗಿ ಹೊರಬರಬೇಕು. ಜನವರಿಯ ಬಳ್ಳಾರಿಯ ಒಣಗಾಳಿಯಲ್ಲಿ ಎರಡು ಮೂರು ಗಂಟೆ ಸಾಕಾದೀತು. ಮಳೆಗಾಲದ ಸಕಲೇಶಪುರದಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು. ಬಾನೆಟ್ ತೆರೆದಿಟ್ಟು ಬಿಸಿಲು ತೋರಿಸಿ, ಒರೆಸಿದ ಬಟ್ಟೆಗಳನ್ನು ಎಣಿಸಿ ಹೊರತೆಗೆದು, ಬ್ಯಾಟರಿ ಜೋಡಿಸಿ, ಹತ್ತು ಹದಿನೈದು ನಿಮಿಷ ಇಂಜಿನ್ ಸುಮ್ಮನೆ ಓಡಲಿ. ಹೊಳಪಿಗೆಂದು ಸಿಲಿಕೋನ್ ಸ್ಪ್ರೇ ಹೊಡೆಯಬೇಡಿ, ಬೆಲ್ಟಿನ ಮೇಲೆ ಬಿದ್ದರೆ ಅದು ಜಾರುತ್ತದೆ.

ಹೀಗೆ ಮಾಡಿದರೆ ಅರ್ಧ ಬಕೆಟ್ ನೀರೂ ಬೇಕಾಗದು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕಿತ್ತು. ಮಳೆನೀರು ಅಥವಾ ಎ.ಸಿ.ಯಿಂದ ಸೋರುವ ನೀರು ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಅದರಲ್ಲಿ ಲವಣ ಕಡಿಮೆ, ಒಣಗಿದ ಮೇಲೆ ಬಿಳಿ ಕಲೆ ಉಳಿಯದು, ಕಪ್ಲರಿಗೂ ಕ್ಷೇಮ. ತೊಳೆದ ಕಪ್ಪು ನೀರನ್ನು ಮಾತ್ರ ಮೋರಿಗೆ ಚೆಲ್ಲಬೇಡಿ. ಬೆಂಗಳೂರಿನ ಮೋರಿ ರಾಜಕಾಲುವೆ ಸೇರಿ ಕೆರೆಗೆ ಹೋಗುತ್ತದೆ; ಬೆಳ್ಳಂದೂರು ಕೆರೆಯಲ್ಲಿ ಎದ್ದಿದ್ದ ನೊರೆಯ ರಾಶಿಯಲ್ಲಿ ಸೋಪು, ಡಿಟರ್ಜೆಂಟುಗಳ ಪಾಲು ದೊಡ್ಡದಿತ್ತು. ಕಾರಿನಡಿ ಹಳೆಯ ಗೋಣಿ ಹಾಸಿ ಜಿಡ್ಡನ್ನು ಅದರಲ್ಲೇ ಹಿಡಿದರೆ, ಆಯಿಲ್ ಬದಲಿಸುವ ಗ್ಯಾರೇಜಿನ ತ್ಯಾಜ್ಯದೊಂದಿಗೆ ಕೊಟ್ಟುಬಿಡಬಹುದು.

ಒಣಗಿದ ಇಂಜಿನ್ನಿನ ಒಂದು ಫೋಟೊ ತೆಗೆದಿಟ್ಟು, ಎರಡು ವಾರ ಓಡಿಸಿ ಮತ್ತೆ ಬಾನೆಟ್ ತೆರೆಯಿರಿ. ಟ್ಯಾಪೆಟ್ ಕವರಿನ ಅಂಚಿನಲ್ಲಿ ಕಂದು ತೇವ ಕಂಡರೆ ಗ್ಯಾಸ್ಕೆಟ್ ಹಳತಾಗಿದೆ. ಮುಂದಿನ ಸರ್ವಿಸಿನಲ್ಲಿ ಬದಲಿಸಬಹುದು. ಹೋಸಿನ ಕ್ಲಿಪ್ಪಿನ ಬಳಿ ಹಸಿರು ಅಥವಾ ಗುಲಾಬಿ ಬಣ್ಣದ ಹಕ್ಕಳೆ ಕಟ್ಟಿದ್ದರೆ ಕೂಲೆಂಟ್ ಸೋರಿ ಒಣಗಿದ್ದು, ಅದನ್ನು ಅದೇ ವಾರ ತೋರಿಸಿ. ಬ್ರೇಕ್ ಆಯಿಲ್ ಡಬ್ಬಿಯ ಕೆಳಗೆ ಬಣ್ಣ ಉಬ್ಬಿ ಎದ್ದಿದ್ದರೆ ಬ್ರೇಕಿನ ದ್ರವ ಸೋರುತ್ತಿದೆ ಎಂದರ್ಥ; ಆ ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.